ಒಂಬತ್ತರ ಪಕ್ಕದ ಹತ್ತು

ಸೀಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬ ಜಂಬ ನನಗಿತ್ತು. ಮೂವತ್ತೊಂದು ವರ್ಷ ಥಿಯೇಟರಿನ ಬುಕಿಂಗ್ ಕಿಟಕಿಯೊಳಗೆ ಕೂತವನು ನಾನು. ಎಂಟುನೂರ ಹತ್ತು ಸೀಟುಗಳಲ್ಲಿ ಯಾವುದರ ಸ್ಪ್ರಿಂಗ್ ಚುಚ್ಚುತ್ತದೆ, ಯಾವುದಕ್ಕೆ ಕಂಬ ಅಡ್ಡ ಬರುತ್ತದೆ ಎಲ್ಲ ಬಾಯಿಪಾಠ. ಆಟಕ್ಕೊಂದು ಚಾರ್ಟು, ಕೊಟ್ಟ ಸೀಟಿಗೆ ನೀಲಿ ಪೆನ್ಸಿಲಿನ ಗೀಟು. ಸ್ವಲ್ಪ ಪಕ್ಕಪಕ್ಕ ಮಾಡಿ ಕೊಡಿ ಸಾರ್ ಎಂದು ಯಾರಾದರೂ ಹಲ್ಲು ಗಿಂಜಿದರೆ, ಚಾರ್ಟ್ ಅಂದರೆ ಚಾರ್ಟ್ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಮುಂದಿನವರನ್ನು ಕರೆಯುತ್ತಿದ್ದೆ. ಜನ ನನಗೆ ಚಾರ್ಟಣ್ಣ ಎಂದು ಹೆಸರಿಟ್ಟದ್ದು ಪ್ರೀತಿಯಿಂದಲ್ಲ.

ಹೆಂಡತಿಯ ಅಕ್ಕ ಸಮುದ್ರದಾಚೆ ಇದ್ದಾರೆ. ಅಕ್ಕತಂಗಿ ಮುಖ ನೋಡಿ ಹತ್ತೊಂಬತ್ತು ವರ್ಷ. ಹದಿಮೂರೂವರೆ ಗಂಟೆಯ ವಿಮಾನ. ಎರಡು ತಿಂಗಳ ಹಿಂದೆ, ಕಂಪ್ಯೂಟರಿನಲ್ಲಿ ಇಡೀ ವಿಮಾನ ಖಾಲಿ ಕಾಣುತ್ತಿದ್ದಾಗ, ನಾನು ಹಿಂದೆಮುಂದೆ ನೋಡದೆ ಕೊನೆಯ ಸಾಲಿನಲ್ಲಿ ದಾರಿ ಪಕ್ಕದ ಎರಡು ಸೀಟು ಒತ್ತಿದ್ದೆ. ಬಾಲ್ಕನಿಯ ಕೊನೆಯ ಸಾಲಿಗೆ ಸಮ ಉಂಟೇ? ಹಿಂದಿನಿಂದ ಒದೆಯುವವರಿಲ್ಲ, ಕೆಮ್ಮುವವರಿಲ್ಲ. ಅಷ್ಟು ಒಳ್ಳೆಯ ಜಾಗವನ್ನು ಯಾರೂ ಹಿಡಿದಿರಲಿಲ್ಲವಲ್ಲ ಎಂದು ಒಳಗೊಳಗೇ ಖುಷಿಪಟ್ಟಿದ್ದೆ.

ನಾಳೆ ಹೊರಡಬೇಕು ಎನ್ನುವಾಗ ಎದುರುಮನೆಯ ಲೆಕ್ಕದ ಮೇಷ್ಟ್ರು ಪೆಟ್ಟಿಗೆ ತೂಗುವ ಕೊಕ್ಕೆ ಕೊಡಲು ಬಂದರು. ಮಗಳ ಮನೆಗೆ ನಾಲ್ಕು ಸಲ ಹಾರಿ ಬಂದ ಮನುಷ್ಯ. ಮೇಜಿನ ಮೇಲಿದ್ದ ನಮ್ಮ ಟಿಕೆಟ್ ಎತ್ತಿ ನೋಡಿದರು.

“ಕೊನೇ ಸಾಲಾ? ಬೇರೆ ಸಿಗಲಿಲ್ವಾ?”

“ನಾನೇ ಬೇಕು ಅಂತ ತಗೊಂಡಿದ್ದು.”

“ಅದು ಹಿಂದಕ್ಕೆ ವಾಲಲ್ಲ ಕಣ್ರೀ. ಹಿಂದೆ ಗೋಡೆ. ಹೋಗೋವರೆಗೂ ಬೆನ್ನು ನೆಟ್ಟಗಿಟ್ಕೊಂಡೇ ಕೂತಿರ್ಬೇಕು.”

ಎಂಟು ತಿಂಗಳ ಹಿಂದೆ ಹೆಂಡತಿಯ ಬೆನ್ನಿಗೆ ಆಪರೇಷನ್ ಆಗಿತ್ತು. ಪ್ರಯಾಣಕ್ಕೆ ಒಪ್ಪುವಾಗ ಡಾಕ್ಟರು ಎರಡೇ ಮಾತು ಹೇಳಿದ್ದರು. ಗಂಟೆಗೊಮ್ಮೆ ಎದ್ದು ನಿಲ್ಲಬೇಕು, ಕೂತಾಗ ಬೆನ್ನು ಹಿಂದಕ್ಕೆ ವಾಲಿರಬೇಕು. ಮತ್ತೆ ನರ ಅದುಮಿದರೆ ಕಾಲಿನ ಆಸೆ ಬಿಡಿ, ಎರಡನೇ ಸಲ ಕೈಹಾಕಲು ಆಗುವುದಿಲ್ಲ ಎಂದು ಎಚ್ಚರಿಸಿಯೂ ಇದ್ದರು. ಅಂಥವಳನ್ನು ನಾನು ಗೋಡೆಗೆ ಒರಗಿಸಿ ಕೂರಿಸಲು ಹೊರಟಿದ್ದೆ. ಅವಳು ಒಳಗಿನ ಕೋಣೆಯಲ್ಲಿ ಅಕ್ಕನಿಗೆಂದು ಹೆಣೆದ ಸ್ವೆಟರನ್ನು ಮಡಿಸುತ್ತ ಏನೋ ಗುನುಗುತ್ತಿದ್ದಳು.

ಕಂಪ್ಯೂಟರ್ ತೆರೆದರೆ ವಿಮಾನ ಹೆಚ್ಚುಕಮ್ಮಿ ತುಂಬಿಹೋಗಿದೆ. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನ ಮೇಲೆ ಚಾರ್ಟು ಬರೆದುಕೊಂಡೆ. ಹಾಗೆ ಬರೆಯದೆ ನನ್ನ ತಲೆ ಓಡುವುದಿಲ್ಲ. ಖಾಲಿ ಇದ್ದದ್ದು ಮೂರು. ಒಂದು ಶೌಚಾಲಯಕ್ಕೆ ಅಂಟಿಕೊಂಡ ನಡುವಿನ ಸೀಟು. ಒಂದು ತುರ್ತು ಬಾಗಿಲಿನ ಹತ್ತಿರ, ಕಾಲು ಚಾಚಲು ಧಾರಾಳ ಜಾಗ. ಮೆಟ್ಟಿಲ ಮೇಲೆ ನಿಂತು, ಅವಳಿಗೆ ಕೇಳಿಸದ ಹಾಗೆ, ವಿಮಾನದವರಿಗೆ ಫೋನ್ ಮಾಡಿದೆ. ಬೆನ್ನಿನ ಆಪರೇಷನ್ ಆದವರನ್ನು ಅಲ್ಲಿ ಕೂರಿಸೋ ಹಾಗಿಲ್ಲ, ನಿಯಮ ಅಂದರೆ ನಿಯಮ ಎಂದಳು ಆ ಹುಡುಗಿ. ನನ್ನದೇ ದನಿ ನನಗೆ ತಿರುಗಿ ಕೇಳಿಸಿತು.

ಉಳಿದದ್ದು ಮೂವತ್ತೊಂದನೇ ಸಾಲಿನಲ್ಲಿ ದಾರಿ ಪಕ್ಕದ್ದೊಂದು. ವಾಲುತ್ತದೆ, ಏಳುವುದಕ್ಕೂ ಸಲೀಸು. ಅದನ್ನು ಅವಳ ಹೆಸರಿಗೆ ಒತ್ತಿದೆ. ನಾನು ಕೊನೆಯ ಸಾಲಿನಲ್ಲೇ ಉಳಿದೆ.

ಮಧ್ಯಾಹ್ನ ಮೇಜು ಒರೆಸುವಾಗ ಚಾರ್ಟು ಅವಳ ಕೈಗೆ ಸಿಕ್ಕಿತು.

“ಇದೇನ್ರೀ, ಒಂದು ಗೀಟು ಇಲ್ಲಿ, ಒಂದು ಅಲ್ಲಿ?”

ತಪ್ಪನ್ನೆಲ್ಲ ಒಪ್ಪಿಕೊಂಡು ಹೇಳಿದೆ. “ಇರೋದ್ರಲ್ಲಿ ಒಳ್ಳೇ ಸೀಟು ನಿಂದೇ,” ಎಂದೂ ಸೇರಿಸಿದೆ.

“ಒಳ್ಳೇ ಸೀಟು,” ಎಂದಳು. ಬಟ್ಟೆ ಕೆಳಗಿಟ್ಟು ಕೂತಳು. “ಪ್ರತಿ ಶುಕ್ರವಾರ ಮ್ಯಾಟಿನಿಗೆ ಬಾಲ್ಕನಿ ಕೊನೇ ಸಾಲು, ನಡುದಾರಿ ಪಕ್ಕದ ಒಂಬತ್ತನೇ ನಂಬರು ನನಗೆ.”

“ಕಿಟಕಿ ತೆಗೆಯೋಕೆ ಮುಂಚೆನೇ ಗೀಟು ಹಾಕಿಡ್ತಿದ್ದೆ. ಒಂದು ವಾರನೂ ತಪ್ಪಿಸಿಲ್ಲ.”

“ತಪ್ಪಿಸಿಲ್ಲ. ಪಕ್ಕದ ಹತ್ತರಲ್ಲಿ ಯಾರು ಕೂರ್ತಿದ್ರು ಹೇಳಿ ನೋಡೋಣ.”

“ನನಗೇನು ಗೊತ್ತು? ಬಂದೋರಿಗೆ ಕೊಡ್ತಿದ್ದೆ.”

“ನನಗೆ ಗೊತ್ತು. ಬೆರಳ ನೆಟಿಗೆ ಮುರಿಯೋನು ಒಬ್ಬ. ನಗೋ ಜಾಗದಲ್ಲೆಲ್ಲ ಅಳೋ ಹೆಂಗಸು ಒಬ್ಬಳು. ಒಬ್ಬ ಮುದುಕ ನಿದ್ದೆ ಹೊಡೆದು ನನ್ನ ಹೆಗಲ ಮೇಲೇ ಬಿದ್ದ. ಎಲ್ಲರೂ ಕೂತಿದ್ದಾರೆ, ನೀವೊಬ್ಬರು ಬಿಟ್ಟು.”

“ಆಟ ನಡೆಯೋವಾಗ ಮುಂದಿನ ಆಟದ ಕಿಟಕಿ ತೆಗೆದಿರ್ಬೇಕಿತ್ತಲ್ಲೇ.”

“ಒಂದು ಶುಕ್ರವಾರ ಹತ್ತಕ್ಕೂ ಗೀಟು ಹಾಕಿದ್ರೆ ಥಿಯೇಟರ್ ಬಿದ್ದುಹೋಗ್ತಿತ್ತಾ?”

ನಾನು ಚಾರ್ಟನ್ನು ಎಳೆದುಕೊಂಡು ಮಡಿಸಿದೆ.

“ಭಯ ಆಗತ್ತೆ ರೀ ನನಗೆ,” ಎಂದಳು. ದನಿ ಇಳಿದಿತ್ತು. “ಅಷ್ಟು ಹೊತ್ತು, ಪಕ್ಕದಲ್ಲಿ ಯಾರೋ. ಕಾಲು ಜೋಮು ಹಿಡಿದ್ರೆ ಯಾರಿಗೆ ಹೇಳ್ಲಿ? ಬೆನ್ನು ಹೋದ್ರೂ ಹೋಗ್ಲಿ, ನಾನು ಕೊನೇ ಸಾಲಿಗೇ ಬರ್ತೀನಿ.”

ಬೇಡ ಎಂದು ಎಷ್ಟು ಹೇಳಿದರೂ ಅವಳು ಜಗ್ಗಲಿಲ್ಲ.

ಮರುದಿನ ವಿಮಾನದೊಳಗೆ ಮೂವತ್ತೊಂದನೇ ಸಾಲು ಬಂತು. ಕಿಟಕಿಯ ಪಕ್ಕ ಒಬ್ಬಳು ಹೆಂಗಸು, ನಡುವೆ ದಪ್ಪ ಮನುಷ್ಯನೊಬ್ಬ ಆಗಲೇ ಬೆಲ್ಟು ಬಿಗಿದು ಹೆಡ್‌ಫೋನಿನಿಂದ ಕಿವಿ ಮುಚ್ಚಿಕೊಂಡಿದ್ದ. ಹೆಂಡತಿ ತನ್ನ ಖಾಲಿ ಸೀಟಿನ ಕಡೆ ಕಣ್ಣೂ ಹಾಯಿಸದೆ, ಎರಡೂ ಕೈಯಿಂದ ಸೀಟುಗಳ ತಲೆ ಹಿಡಿದುಕೊಂಡು ಕೊನೆಯ ಸಾಲಿನ ಕಡೆ ಹೆಜ್ಜೆ ಇಟ್ಟಳು. ನನ್ನ ಬೆನ್ನಿಗೆ ಜನ ಒತ್ತುತ್ತಿದ್ದರು. ನಾನು ನಡುವೆ ಕೂತವನ ಹೆಗಲು ಮುಟ್ಟಿದೆ.

“ಸಾರ್, ಒಂದು ಸಹಾಯ. ಸ್ವಲ್ಪ ಪಕ್ಕಪಕ್ಕ ಮಾಡಿ ಕೊಡ್ತೀರಾ?”

ನನ್ನ ಹಲ್ಲು ಗಿಂಜುತ್ತಿರುವುದು ನನಗೇ ಗೊತ್ತಾಗುತ್ತಿತ್ತು.

ಅವನು ಕಿವಿಯದನ್ನು ಕೆಳಗೆಳೆದ. “ನಿಮ್ಮದು ಯಾವುದು?”

“ಕೊನೇ ಸಾಲು, ದಾರಿ ಪಕ್ಕದ್ದು.”

“ಚೆನ್ನಾಗಿದೆಯಾ?”

ಮೂವತ್ತೊಂದು ವರ್ಷ ಈ ಪ್ರಶ್ನೆಗೆ ಕಂಬದ ಹಿಂದಿನ ಸೀಟಿಗೂ ಹೂಂ ಎಂದವನು ನಾನು. “ಇಲ್ಲ ಸಾರ್, ವಾಲಲ್ಲ,” ಎಂದೆ. “ಪಕ್ಕದ್ದು ಖಾಲಿ ಇದ್ರೂ ಇರಬಹುದು. ಇವಳಿಗೆ ಬೆನ್ನು ಆಪರೇಷನ್ ಆಗಿದೆ. ಒಬ್ಬಳೇ ಕೂರೋಕೆ ಹೆದರ್ತಾಳೆ.”

ಅವನು ನನ್ನನ್ನು ನೋಡಿದ, ಅವಳ ಕೈಗಳನ್ನು ನೋಡಿದ. ಎಷ್ಟು ಹೊತ್ತು ನೋಡಿದನೋ, ನನಗಂತೂ ಒಂದು ಇಂಟರ್‌ವೆಲ್ ಕಳೆದಂತಾಯಿತು. ಆಮೇಲೆ ಉಸಿರು ಬಿಟ್ಟು ಬೆಲ್ಟು ಕಳಚಿದ.

ನಾನು ಒಳಗೆ ನುಸುಳಿ ಕೂತೆ. ಮಂಡಿ ಮುಂದಿನ ಸೀಟಿಗೆ ತಾಗಿತು, ಮೊಣಕೈ ಇಡಲು ಜಾಗವಿಲ್ಲ. ಕಿಟಕಿ ನನ್ನದಲ್ಲ, ದಾರಿ ನನ್ನದಲ್ಲ. ಇಂಥ ಸೀಟನ್ನು ನಾನು ಕಣ್ಣೆತ್ತಿ ನೋಡದೆ ಬಂದವರ ಕೈಗಿಟ್ಟು ಕಳಿಸುತ್ತಿದ್ದೆ. ಹೆಂಡತಿ ತಿರುಗಿ ಬಂದು ತನ್ನ ಸೀಟಿನಲ್ಲಿ ಮೆಲ್ಲಗೆ ಕೂತು, ಬೆನ್ನ ಹಿಂದೆ ದಿಂಬು ಸರಿಮಾಡಿಕೊಂಡಳು. ವಿಮಾನ ಅಲುಗಿತು. ಅವಳ ಕೈ ನನ್ನ ಕೈ ಹುಡುಕಿ ಹಿಡಿಯಿತು, ಎರಡೂ ತಣ್ಣಗಿದ್ದವು.

“ಭಯನಾ?” ಎಂದೆ.

“ಹೂಂ. ನಿಮಗೆ?”

“ನನಗೂ.”

ಅವಳು ನನ್ನ ಸೀಟನ್ನು ಮೇಲಿಂದ ಕೆಳಗೆ ನೋಡಿದಳು.

“ಇದು ಎಷ್ಟನೇ ನಂಬರು?”

“ಹತ್ತು,” ಎಂದೆ.