ಮೀನುವಾಸನೆಯ ಸೊಸೆ

ಮೂರನೆಯ ಸಲ ಎಳೆದಾಗ ಹಗ್ಗವೇ ತುಂಡಾಯಿತು. ಹನ್ನೆರಡು ಜನ ದೇವರುಗಳು ಒಬ್ಬರ ಮೇಲೊಬ್ಬರು ಮರಳಿಗೆ ಬಿದ್ದರು. ಹಡಗಿನ ಹಿಂಬದಿಗೆ ಹೆಗಲು ಕೊಟ್ಟಿದ್ದ ಥೋರ್‌ನ ಕಾಲು ಮೊಣಕಾಲಿನವರೆಗೆ ಹೂತುಹೋಗಿತ್ತು. ಹಡಗು ಮಾತ್ರ ಬೆರಳಗಲವೂ ಕದಲಿರಲಿಲ್ಲ.

"ಇನ್ನೊಂದ್ ಸಲ," ಎಂದ ಥೋರ್.

"ಹಗ್ಗ ಎಲ್ಲಿದೆ? ನಿನ್ನ ಗಡ್ಡ ಕಟ್ಟಿ ಎಳೀಬೇಕಾ?" ಎಂದ ನ್ಯೋರ್ಡ. ಅವನು ಕಡಲಿನ ಒಡೆಯ, ವಯಸ್ಸಾದವನು. ಸುತ್ತಿಗೆ ಹಿಡಿದ ಥೋರ್‌ನನ್ನು ಹಾಗೆ ಮಾತಾಡಿಸುವ ಧೈರ್ಯ ಇನ್ನಾರಿಗೂ ಇರಲಿಲ್ಲ.

ಅಂದು ಬಾಲ್ಡರನ ಸಾವಿನ ಮೂರನೆಯ ದಿನ. ದೇವರುಗಳ ರಾಜ ಓಡಿನ ಮತ್ತು ರಾಣಿ ಫ್ರಿಗ್ಗಾ ದಂಪತಿಯ ಮಗ, ದೇವರುಗಳಲ್ಲೆಲ್ಲ ಚೆಲುವ. ಮಗನನ್ನು ನೋಯಿಸುವುದಿಲ್ಲವೆಂದು ಫ್ರಿಗ್ಗಾ ಕಲ್ಲು, ಕಬ್ಬಿಣ, ಬೆಂಕಿ, ರೋಗ ಎಲ್ಲದರಿಂದಲೂ ಆಣೆ ಹಾಕಿಸಿಕೊಂಡಿದ್ದಳು. ಮರದ ಮೇಲಿನ ಬದನಿಕೆ ಇನ್ನೂ ಎಳೆಯದು, ಅದೇನು ಮಾಡೀತು ಎಂದು ಬಿಟ್ಟಿದ್ದಳು. ಆ ಬದನಿಕೆಯ ಕಡ್ಡಿಯೇ ಅವನನ್ನು ಕೊಂದಿತು. ಈಗ ಅವನ ಹಡಗಿನಲ್ಲೇ ಚಿತೆ ಜೋಡಿಸಿ, ಬೆಂಕಿಯಿಟ್ಟು ಕಡಲಿಗೆ ಬಿಡಬೇಕು. ಕಡಲಿನ ಉಬ್ಬರ ಇಳಿಯುವುದರೊಳಗೆ ಆಗಬೇಕು.

ಅದೇ ಬೆಳಿಗ್ಗೆ ಚಿತೆಯ ಸೌದೆ ಏರಿಸುವುದನ್ನು ನೋಡುತ್ತ ಅವನ ಹೆಂಡತಿ ನಾನ್ನಾ ನಿಂತಲ್ಲೇ ಕುಸಿದು ಪ್ರಾಣ ಬಿಟ್ಟಿದ್ದಳು. ಎದೆಯೊಡೆದು ಹೋದಳು ಎಂದರು. ಅವಳನ್ನು ಹಿಮದ ಮೇಲೆ ಎಳೆಯುವ ಜಾರುಬಂಡಿಯೊಂದರ ಮೇಲೆ ಮಲಗಿಸಿ, ಹಳೆಯ ಹಾಯಿಬಟ್ಟೆ ಹೊದಿಸಿ, ದೋಣಿಮನೆಯ ಗೋಡೆಗೆ ಒತ್ತಿ ಇಟ್ಟಿದ್ದರು. ಬಾಲ್ಡರನ ಕಾಲ ಬಳಿ, ಅವನ ಜೊತೆ ಸುಡಲಿದ್ದ ಕುದುರೆಯ ಪಕ್ಕದಲ್ಲಿ ಅವಳನ್ನೂ ಹಾಕುವುದೆಂದು ತೀರ್ಮಾನವಾಗಿತ್ತು. ಹತ್ತಿರ ಕೂತವಳು ಫುಲ್ಲಾ ಒಬ್ಬಳೇ. ಫ್ರಿಗ್ಗಾಳ ಸೇವಕಿ, ಒಡತಿಯ ಪೆಟ್ಟಿಗೆಯನ್ನೂ ಮೆಟ್ಟುಗಳನ್ನೂ ಕಾಯುವವಳು.

"ದೈತ್ಯರ ಕಡೆಗೆ ಆಳು ಕಳಿಸಿ. ಹಿರ್ರೋಕಿ ಬರಲಿ," ಎಂದ ನ್ಯೋರ್ಡ.

"ಆ ಮುದುಕಿನಾ? ನಮ್ಮ ಮನೆ ಹಡಗನ್ನ ಹೆಂಗಸಿನ ಕೈಲಿ ನೂಕಿಸೋದಾ?" ಎಂದ ಥೋರ್.

"ಗಂಡಸರ ಕೈಲಿ ಆಗಿದ್ದನ್ನ ಬೆಳಿಗ್ಗೆಯಿಂದ ನೋಡ್ತಾನೇ ಇದ್ದೀವಲ್ಲಪ್ಪ."

ನಡುಹಗಲಿಗೆ ಹಿರ್ರೋಕಿ ಬಂದಳು. ತೋಳದ ಮೇಲೆ ಕೂತು, ಹಾವುಗಳನ್ನೇ ಲಗಾಮು ಮಾಡಿಕೊಂಡು ಬಂದಳು. ಹೊಗೆಯಲ್ಲಿ ಒಣಗಿದ ಮರದಂಥ ಮೈ. ತೋಳವನ್ನು ಹಿಡಿದುಕೊಳ್ಳಲು ಓಡಿನ ನಾಲ್ವರು ಕಟ್ಟಾಳುಗಳನ್ನು ಕಳಿಸಿದ.

"ಎದುರಿಗೆ ಹೋಗಬೇಡ್ರಪ್ಪ, ಗಂಡಸರನ್ನ ಕಂಡ್ರೆ ಅದಕ್ಕೆ ನಾಚಿಕೆ," ಎಂದಳು ಇಳಿಯುತ್ತ. ಕೊನೆಗೆ ಆ ನಾಲ್ವರೂ ತೋಳವನ್ನು ಕೆಡವಿ ಅದರ ಮೇಲೆಯೇ ಕೂರಬೇಕಾಯಿತು.

ಅವಳು ಹಡಗನ್ನು ನೋಡಲಿಲ್ಲ. ದೋಣಿಮನೆಯ ಕಡೆ ನೋಡಿದಳು.

"ಆ ಹಾಯಿಬಟ್ಟೆ ಕೆಳಗೆ ಯಾರು?"

"ಅವನ ಹೆಂಡತಿ. ನಿನ್ನ ಕೆಲಸ ಈ ಕಡೆ ಇದೆ," ಎಂದ ಥೋರ್.

"ಯಾರ ಮಗಳು?"

"ನೆಪ್ಪ ಅಂತ ಯಾರೋ. ಮೀನು ಹಿಡಿಯೋನು."

ಹಿರ್ರೋಕಿ ತಲೆಗೆ ಕಟ್ಟಿದ್ದ ತೊಗಲನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಥೋರ್‌ನನ್ನು ದಾಟಿ ಜಾರುಬಂಡಿಯ ಹತ್ತಿರ ಹೋಗಿ ಕೂತಳು. ಬಾಲ್ಡರನಿಗಾಗಿ ಕರೆದಿದ್ದಾರೆ ಎಂದಷ್ಟೇ ಅವಳಿಗೆ ಗೊತ್ತಿತ್ತು. ಇವಳೂ ಹೋದಳೆಂದು ಯಾರೂ ಹೇಳಿರಲಿಲ್ಲ.

* * *

ಬೆಟ್ಟಗಳ ನಡುವೆ ಕಡಲು ನುಗ್ಗಿ ಬಂದ ಆ ಕಡಿದಾದ ಕೊಲ್ಲಿಯ ಒಂದು ದಡದಲ್ಲಿ ನೆಪ್ಪನ ಮನೆ, ಇನ್ನೊಂದು ದಡದಲ್ಲಿ ಹಿರ್ರೋಕಿಯ ಗವಿ. ಒಂದು ವಸಂತದಲ್ಲಿ ಅವನ ಮಗಳು, ಒಂಬತ್ತು ವರ್ಷದ ನಾನ್ನಾ, ಒಬ್ಬಳೇ ದೋಣಿ ನೂಕುತ್ತಿದ್ದುದು ಕಂಡಿತು. ತಾಯಿ ಇಲ್ಲದ ಮಗು, ತಂದೆಗೆ ಕಾಲು ಮುರಿದಿತ್ತು. ಹಿರ್ರೋಕಿ ನೀರಿಗಿಳಿದು ದಾಟಿ ಬಂದಳು.

"ಅಳ್ತಿದೀಯೋ, ಬೈತಿದೀಯೋ?"

"ಬೈತಿದೀನಿ," ಎಂದಳು ಹುಡುಗಿ. ದೈತ್ಯೆಯನ್ನು ಕಂಡು ಹೆದರಲೂ ಇಲ್ಲ.

"ಯಾರನ್ನ?"

"ದೋಣೀನ."

"ಅದೇನು ಮಾಡ್ತು ಪಾಪ. ಬಗ್ಗು, ಕೆಳಗೆ ನೋಡು. ಉರುಳುಮರ ಒಣಗಿ ಬಿರುಕು ಬಿಟ್ಟಿದೆ. ದೋಣಿ ತೋಳಿನ ಬಲಕ್ಕೆ ಜಾರಲ್ಲ ಕಣವ್ವ, ಉರುಳುಮರಕ್ಕೆ ಜಾರುತ್ತೆ."

ತಿಮಿಂಗಿಲದ ಕೊಬ್ಬನ್ನು ಕಾಯಿಸಿ, ಆರಿಸಿ, ದೋಣಿಯ ಕೆಳಗೆ ಹಾಸುವ ಆ ಮರಗಳಿಗೆ ಬರಿಗೈಯಿಂದ ಉಜ್ಜುವುದನ್ನು ಕಲಿಸಿದಳು. ಬಟ್ಟೆಯಲ್ಲಿ ಒರೆಸಬಾರದು. ಬಟ್ಟೆಗೆ ಬಿರುಕು ಗೊತ್ತಾಗುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಚುಕ್ಕಾಣಿ ಕಲಿಸಿದಳು. ಕೊಲ್ಲಿಯ ಬಾಯಲ್ಲಿ ನೀರೊಳಗೆ ಬಂಡೆಸಾಲು, ಸೆಳೆತ ನೇರ ಅದರ ಮೇಲಕ್ಕೇ. "ಸೆಳೆತದ ಜೊತೆ ಜಗಳ ಆಡಬೇಡ. ಮೊದಲು ಹೂಂ ಅನ್ನು. ಕೊನೇ ಗಳಿಗೇಲಿ ತಿರುಗಿಸು." ಹನ್ನೆರಡನೇ ವಯಸ್ಸಿಗೆ ಹುಡುಗಿ ತಂದೆಯ ದೋಣಿಯನ್ನು ಆ ಬಂಡೆಗಳ ನಡುವೆ ದಾಟಿಸುತ್ತಿದ್ದಳು. ಆ ದಡದ ಗಂಡಸರು ಬಲೆ ಬಿಟ್ಟು ಎದ್ದು ನಿಂತು ನೋಡುತ್ತಿದ್ದರು.

ಮದುವೆಯ ದಿನ ಬಾಲ್ಡರ ಪಕ್ಕದಲ್ಲಿ ಕೂತಿದ್ದ, ದೇವರುಗಳ ದಡದ ಮುಂದಿದ್ದ ಬಂಡೆಸಾಲನ್ನೂ ತಪ್ಪಿಸಿ ದೋಣಿ ನಡೆಸಿಕೊಂಡು ಬಂದವಳು ಅವಳೇ. ದಡ ಮುಟ್ಟಿದ ಕೂಡಲೇ ಸೊಸೆಯ ಕಾಲು ನೆನೆಯಬಾರದೆಂದು ಎತ್ತಿ ಇಳಿಸಿದರು. ಆಮೇಲೆ ಅವಳ ಕೈಗೆ ಚುಕ್ಕಾಣಿ ಸಿಗಲಿಲ್ಲ. ಆ ಮನೆಯ ಹೆಂಗಸರಿಗೆ ಅದು ಕೂಡದು.

* * *

"ಉಗುರು ಕತ್ತರಿಸಿದ್ರಾ?" ಎಂದು ಹಿರ್ರೋಕಿ ಕೇಳಿದಳು.

ಫುಲ್ಲಾ ತಲೆ ತಗ್ಗಿಸಿದಳು. ಸತ್ತವರ ಉಗುರನ್ನು ಹಾಗೇ ಬಿಟ್ಟರೆ, ಲೋಕ ಮುಳುಗುವ ದಿನ ಶತ್ರುಗಳು ಬರುವ ಹಡಗಿಗೆ ಅವೇ ಹಲಗೆಯಾಗುತ್ತವೆ. ತೊಟ್ಟಿಲ ಮಗುವಿಗೂ ಗೊತ್ತಿರುವ ಮಾತು.

"ಬಾಲ್ಡರ ಒಡೆಯರದ್ದು ಕತ್ತರಿಸಿದ್ರು. ಇವರದ್ದಕ್ಕೆ ಹೊತ್ತಿಲ್ಲ ಅಂದ್ರು."

"ಚಾಕು ಕೊಡು."

ಹಾಯಿಬಟ್ಟೆ ಸರಿಸಿ, ನಾನ್ನಾಳ ಕೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡಳು. ಆ ಅಂಗೈಯಲ್ಲಿ ಅದು ಹಕ್ಕಿಮರಿಯಷ್ಟಿತ್ತು. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಕಪ್ಪಗೆ ಏನೋ ಹತ್ತಿಕೊಂಡಿತ್ತು. ಎಲ್ಲ ಬೆರಳುಗಳಲ್ಲೂ ಇತ್ತು.

"ಎಷ್ಟು ತೊಳೆದ್ರೂ ಹೋಗ್ತಿರಲಿಲ್ಲ ಅವ್ವ," ಎಂದಳು ಫುಲ್ಲಾ. "ಊಟಕ್ಕೆ ಕೂತಾಗ ಅಂಗಿ ತೋಳಿನೊಳಗೆ ಕೈ ಮುಚ್ಕೊತಿದ್ರು. ನಾವೆಲ್ಲ ಮೀನುವಾಸನೆ ಸೊಸೆ ಅಂತಿದ್ವಿ. ನಾನೂ ಅಂದಿದೀನಿ."

ಹಿರ್ರೋಕಿ ಆ ಉಗುರನ್ನು ಮೂಗಿನ ಹತ್ತಿರ ಹಿಡಿದಳು. ತುಂಬ ಹೊತ್ತು ಹಿಡಿದಳು.

"ಇದು ಮೀನಲ್ಲ," ಎಂದಳು.

ಹತ್ತು ಉಗುರುಗಳನ್ನೂ ಕತ್ತರಿಸಿ, ಚಿಕ್ಕ ಚರ್ಮದ ತುಂಡಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎದ್ದು ಹೋಗಿ ಹಡಗಿನ ಕೆಳಗೆ ಬಗ್ಗಿ ಉರುಳುಮರದ ಮೇಲೆ ಬೆರಳಾಡಿಸಿದಳು. ಒಣಗಿ, ಸುಲಿದು, ಬಿರುಕು ಬಿಟ್ಟಿತ್ತು.

"ಈ ವರ್ಷ ಇದನ್ನ ನೀರಿಗೆ ಇಳಿಸಿರಲಿಲ್ವಾ?" ಎಂದು ಹಿಂದೆಯೇ ಬಂದ ಫುಲ್ಲಾಳನ್ನು ಕೇಳಿದಳು.

"ಇಲ್ಲ. ಚಳಿಗಾಲದಿಂದ ಅವರಿಗೆ ಕೆಟ್ಟ ಕನಸು ಬೀಳ್ತಿತ್ತಲ್ಲ. ಇವರು ಹಾಸಿಗೆ ಪಕ್ಕ ಬಿಟ್ಟು ಕದಲಲಿಲ್ಲ."

"ಪ್ರತಿ ವರ್ಷ ಯಾರು ಕೊಬ್ಬು ಹಚ್ತಿದ್ರು?"

ಫುಲ್ಲಾ ತಿರುಗಿ ನೋಡಿದಳು. ಆ ಕಡೆಯಿಂದ ಫ್ರಿಗ್ಗಾ ಬರುತ್ತಿದ್ದಳು.

* * *

ಹಿಂದಿನ ವಸಂತದಲ್ಲಿ, ಒಡತಿಯ ಮೆಟ್ಟುಗಳನ್ನು ಒಣಹಾಕಲು ಫುಲ್ಲಾ ಬೆಳಿಗ್ಗೆ ಬೇಗ ದಡಕ್ಕೆ ಬಂದಿದ್ದಳು. ಹಡಗಿನ ಅಡಿಮರದ ಕೆಳಗೆ ಎರಡು ಕಾಲುಗಳು ಕಂಡವು. ನಾನ್ನಾ ಹೊಟ್ಟೆಯ ಮೇಲೆ ತೆವಳುತ್ತ, ಒಂದೊಂದೇ ಉರುಳುಮರಕ್ಕೆ ಬರಿಗೈಯಲ್ಲಿ ಕೊಬ್ಬು ಉಜ್ಜುತ್ತಿದ್ದಳು.

"ಆಳುಗಳಿಲ್ವಾ ಅಮ್ಮಾ?"

"ಆಳುಗಳು ಬಟ್ಟೇಲಿ ಒರೆಸ್ತಾರೆ ಫುಲ್ಲಾ. ಆ ಗಡಿಗೆ ಈ ಕಡೆ ತಳ್ಳು. ಯಾರ ಹತ್ರಾನೂ ಹೇಳಬೇಡ, ಅತ್ತೆಗೆ ನಾಚಿಕೆ ಆಗುತ್ತೆ."

ಮಧ್ಯಾಹ್ನ ಎಲ್ಲರೂ ಸೇರಿದ್ದರು. ಬಾಲ್ಡರ ಹಿಂಬದಿಗೆ ಅಂಗೈ ತಾಗಿಸಿದ. ಲೋಕದಲ್ಲೇ ದೊಡ್ಡದಾದ ಆ ಹಡಗು ಬಾತುಕೋಳಿಯಂತೆ ನೀರಿಗೆ ಜಾರಿತು. "ಬಾಲ್ಡರನ ಕೈಗುಣ ನೋಡಿ," ಎಂದು ಥೋರ್ ಕೂಗಿದ. ಪ್ರತಿ ವರ್ಷವೂ ಅವನು ಕೂಗುವ ಮಾತು ಅದು. ಎಲ್ಲರ ಹಿಂದೆ, ಕೈಗಳನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಂಡು ನಿಂತ ನಾನ್ನಾಳ ಗದ್ದ ಮಾತ್ರ ಮೇಲಕ್ಕೆದ್ದಿತ್ತು. ತಾನೇ ಹೆತ್ತ ಕೂಸು ಮೊದಲ ಹೆಜ್ಜೆ ಇಟ್ಟಂತೆ ನೋಡುತ್ತಿದ್ದಳು.

ಸಂಜೆ ಕೋಣೆಯಲ್ಲಿ ಬಾಲ್ಡರ ಅವಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಚಾಕುವಿನ ತುದಿಯಿಂದ ಉಗುರು ಶುಚಿ ಮಾಡುತ್ತಿದ್ದುದನ್ನೂ ಫುಲ್ಲಾ ಕಂಡಿದ್ದಳು.

* * *

ಇಷ್ಟನ್ನೂ ಫುಲ್ಲಾ ಸುತ್ತ ನಿಂತವರ ನಡುವೆ, ಫ್ರಿಗ್ಗಾಳ ಎದುರಿಗೇ ಹೇಳಿದಳು. ಕೊನೆಯ ಮಾತಿನವರೆಗೂ ನಿಲ್ಲಿಸಲಿಲ್ಲ.

"ಅಂದ್ರೆ ಅವನಿಗೆ ಗೊತ್ತಿತ್ತು," ಎಂದಳು ಫ್ರಿಗ್ಗಾ.

"ಗೊತ್ತಿತ್ತು ಅಮ್ಮಾ."

"ಯಾರಿಗೂ ಹೇಳಲಿಲ್ಲ."

"ಇಲ್ಲ ಅಮ್ಮಾ."

ಫ್ರಿಗ್ಗಾ ಮಗನ ಹೆಣದ ಕಡೆಗೊಮ್ಮೆ ನೋಡಿದಳು.

"ಹಡಗು ನೂಕ್ತೀನಿ," ಎಂದಳು ಹಿರ್ರೋಕಿ, ಎಲ್ಲರಿಗೂ ಕೇಳುವಂತೆ. "ಆದ್ರೆ ನೆಪ್ಪನ ಮಗಳು ಕುದುರೆ ಪಕ್ಕ ಮಲಗಲ್ಲ. ಅವಳನ್ನ ಚುಕ್ಕಾಣಿ ಹತ್ರ ಕೂರಿಸಬೇಕು. ಒಪ್ಪಿಗೆ ಇದ್ರೆ ಹೇಳಿ, ಇಲ್ಲಾಂದ್ರೆ ನನ್ನ ತೋಳದ ಮೇಲಿಂದ ಆ ನಾಲ್ಕು ಜನಾನ ಏಳಿಸಿ."

"ಚುಕ್ಕಾಣಿ ಹತ್ರ ಹೆಂಗಸಾ? ಜನ ನಗ್ತಾರೆ," ಎಂದ ಥೋರ್.

"ನಗೋರು ಬಂದು ನೂಕಲಿ."

ನೀರು ಆಗಲೇ ಒಂದು ಮಾರು ಹಿಂದೆ ಸರಿದಿತ್ತು. ಓಡಿನ ತನ್ನ ಒಂದೇ ಕಣ್ಣಿನಿಂದ ಕಡಲನ್ನು ನೋಡಿ, "ನೂಕಲಿ," ಎಂದಷ್ಟೇ ಹೇಳಿದ. ಅದು ಒಪ್ಪಿಗೆಯೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ.

"ಕೊಬ್ಬಿನ ಗಡಿಗೆ ಒಳಗಡೆ ಇದೆ ಅವ್ವ, ತರಲಾ?" ಎಂದು ಫುಲ್ಲಾ ಪಿಸುಗುಟ್ಟಿದಳು.

"ಬೇಡ. ಇವತ್ತು ಒಣಗೇ ಇಳೀಲಿ. ಅವಳಿಲ್ಲದೆ ಹೇಗಿರುತ್ತೆ ಅಂತ ಇವರೂ ಒಂದ್ ಸಲ ಕೇಳಿಸ್ಕೊಳ್ಳಲಿ."

ಹಿರ್ರೋಕಿ ಒಂದೇ ಸಲ ನೂಕಿದಳು. ಹಡಗು ಕಿರುಚಿತು. ಹಂದಿ ಕೊಯ್ಯುವಾಗಲೂ ಅಂಥ ಸದ್ದು ಹುಟ್ಟುವುದಿಲ್ಲ. ಒಣ ಉರುಳುಮರಗಳಿಂದ ಬೆಂಕಿ ಹಾರಿತು, ನೆಲ ನಡುಗಿ ದೋಣಿಮನೆಯ ಸೂರು ಒಳಕ್ಕೆ ಕುಸಿಯಿತು. ಹೆಂಗಸರು ಕಿವಿ ಮುಚ್ಚಿಕೊಂಡರು. ಹಡಗು ನೀರಿಗೆ ಬಿದ್ದಾಗ ಎದ್ದ ಅಲೆ ಥೋರ್‌ನ ಗಡ್ಡದಿಂದ ತೊಟ್ಟಿಕ್ಕುತ್ತಿತ್ತು. ನಾನ್ನಾ ಸೊಸೆಯಾಗಿ ಬಂದ ಮೇಲಿನ ಹದಿನಾಲ್ಕು ವಸಂತಗಳಲ್ಲಿ ಒಮ್ಮೆಯೂ ಕೇಳದ ಸದ್ದು ಅದು. ಅಷ್ಟು ವರ್ಷ ಅದು ಯಾಕೆ ಕೇಳಲಿಲ್ಲ ಎಂಬುದು ಆ ದಡದಲ್ಲಿದ್ದ ಪ್ರತಿಯೊಬ್ಬರಿಗೂ ಈಗ ಅರ್ಥವಾಗಿತ್ತು.

ಥೋರ್‌ನಿಗೂ ಅರ್ಥವಾಗಿತ್ತು. ಅದಕ್ಕೇ ಅವನು ಸುತ್ತಿಗೆ ಎತ್ತಿದ.

"ನಮ್ಮ ಸೂತಕದ ದಿನ ನಮ್ಮನ್ನೇ ಹಂಗಿಸ್ತೀಯಾ?"

"ಇಳಿಸಪ್ಪ ಅದನ್ನ," ಎಂದ ನ್ಯೋರ್ಡ, ಅವನ ಮೊಣಕೈ ಹಿಡಿದು. "ಅವಳು ಬರಿಗೈಲಿ ನೂಕಿದ್ಲು."

ಸುತ್ತಿಗೆ ನಿಧಾನವಾಗಿ ಇಳಿಯಿತು. ಆದರೆ ಕೋಪ ಇಳಿಯಲಿಲ್ಲ. ಬಾಲ್ಡರನನ್ನು ಹೊತ್ತು ಚಿತೆಯ ಮೇಲೆ ಮಲಗಿಸಿದ ಮೇಲೆ ಥೋರ್ ದಡಕ್ಕೆ ತಿರುಗಿ, "ಕುದುರೇನೂ ಅವಳನ್ನೂ ತನ್ನಿ. ಕಾಲ ಹತ್ರ ಹಾಕಿ," ಎಂದ. ಹಡಗು ನೀರಿಗಿಳಿದಿತ್ತು. ಇನ್ನು ಹಿರ್ರೋಕಿಯ ಮಾತು ಕೇಳಬೇಕಾದ ಅಗತ್ಯ ಯಾರಿಗೂ ಇರಲಿಲ್ಲ.

ಇಬ್ಬರು ಆಳುಗಳು ಜಾರುಬಂಡಿಯ ಕಡೆ ಹೊರಟರು. ಅಷ್ಟರಲ್ಲಿ ಫುಲ್ಲಾ ಪೆಟ್ಟಿಗೆ ತೆರೆದು, ಒಡತಿಯ ಹಬ್ಬದ ಮೆಟ್ಟುಗಳನ್ನು ತೆಗೆದು, ನಾನ್ನಾಳ ಕಾಲಿಗೆ ತೊಡಿಸುತ್ತಿದ್ದಳು. ಸತ್ತವರ ಊರಿಗೆ ಒಂಬತ್ತು ದಿನದ ದಾರಿ, ಬರಿಗಾಲಲ್ಲಿ ಕಳಿಸುವಂತಿಲ್ಲ. ಕೇಳದೆ ತೆಗೆದಿದ್ದಳು. ತಲೆಯೆತ್ತಿದಾಗ ಫ್ರಿಗ್ಗಾ ಎದುರಿಗೇ ನಿಂತಿದ್ದಳು.

"ದಾರ ಬಿಗಿ ಕಟ್ಟು," ಎಂದಳು ಫ್ರಿಗ್ಗಾ. "ಅವಳು ಜೋರಾಗಿ ನಡೀತಾಳೆ."

ಆಳುಗಳಿಗೆ ದಾರಿ ಬಿಡಲಿಲ್ಲ. ತಾನೇ ಬಗ್ಗಿ ಸೊಸೆಯ ಎರಡೂ ಪಾದಗಳನ್ನು ಹಿಡಿದಳು.

"ತಲೆ ಕಡೆ ಹಿಡಿ," ಎಂದಳು ಹಿರ್ರೋಕಿಗೆ. ಆಮೇಲೆ ಥೋರ್‌ನ ಕಡೆ ತಿರುಗದೆಯೇ ಹೇಳಿದಳು: "ನನ್ನ ಸೊಸೆ ಎಲ್ಲಿ ಕೂರಬೇಕು ಅಂತ ನಾನು ಹೇಳ್ತೀನಿ."

ದೇವರುಗಳ ರಾಣಿ ಸೊಂಟದವರೆಗಿನ ನೀರಿನಲ್ಲಿ ನಡೆದಳು. ಹಿಂಬದಿಯ ಪೀಠದಲ್ಲಿ ನಾನ್ನಾಳನ್ನು ಕೂರಿಸಿ, ಬೆನ್ನಿಗೆ ಹಲಗೆ ಆನಿಸಿದರು. ಹಿರ್ರೋಕಿ ಅವಳ ಬಲಗೈಯನ್ನು ಚುಕ್ಕಾಣಿಗೆ ಕಟ್ಟಿದಳು, ಸಡಿಲವಾಗಿ. ಕೊನೆಗೆ ಥೋರ್ ಬಂದು ಸುತ್ತಿಗೆಯನ್ನು ಚಿತೆಯ ಮೇಲೆ ಹಿಡಿದು ಹರಸಿದ. ಆಮೇಲೆ, ಯಾರೂ ಹೇಳದೆ, ಪೀಠದ ಮೇಲೂ ಒಮ್ಮೆ ಹಿಡಿದ.

ಬೆಂಕಿಯಿಟ್ಟರು. ಇಳಿಯುವ ನೀರು ಹಡಗನ್ನು ಎಳೆದುಕೊಂಡು ಹೋಯಿತು.

ಬಾಲ್ಡರನನ್ನು ಕಡೆಯ ಸಲ ನೋಡಲು ಲೋಕಲೋಕಗಳಿಂದ ಜನ ಬಂದಿದ್ದರು. ಬೆಟ್ಟದ ದೈತ್ಯರು, ಹಿಮದ ದೈತ್ಯರು ದಿಬ್ಬ ಹತ್ತಿ ನಿಂತಿದ್ದರು. ಆದರೆ ಮಲಗಿದ ಬಾಲ್ಡರ ಹಡಗಿನ ಅಂಚಿನ ಮರೆಗೆ ಹೋಗಿಬಿಟ್ಟಿದ್ದ.

"ಅಲ್ಲಿ ಕೂತಿರೋದು ಯಾರು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ನೆಪ್ಪನ ಮಗಳು," ಎಂದಳು ಫುಲ್ಲಾ, ತಿರುಗಿ ನೋಡದೆ.

ಸೆಳೆತ ಹಡಗನ್ನು ನೇರ ದಡದ ಮುಂದಿನ ಬಂಡೆಸಾಲಿಗೆ ಒಯ್ದಿತು. ನ್ಯೋರ್ಡ ಉಸಿರು ಹಿಡಿದ. ಕೊನೇ ಗಳಿಗೆಯಲ್ಲಿ ಹಡಗು ಎಡಕ್ಕೆ ವಾಲಿ, ಬಂಡೆಗಳ ಪಕ್ಕದಲ್ಲೇ ಸವರಿಕೊಂಡು ತೆರೆದ ಕಡಲಿಗೆ ಹೊರಳಿತು. ಅದು ಹೊರಳಿದಾಗ ದಡದವರಿಗೆಲ್ಲ ಕಂಡದ್ದು, ಹಿಂದೆ ಧಗಧಗ ಉರಿಯುವ ಬೆಂಕಿ, ಅದರ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತ ಒಬ್ಬ ಹೆಂಗಸು.