ಮಗುಚಿ ಕೂರಿಸಿದ ಪಟ್ಟಿ

ಐವಿ ಪ್ರಾಗ್‌ನೆಲ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಳು. ಒಂದೇ ತುಂಡಿಗೆ ಎರಡು ಸಲ ಸವರಿದ್ದು ಅವಳಿಗೆ ತಿಳಿಯಲಿಲ್ಲ. ಕಣ್ಣೆಲ್ಲ ಕಿಟಕಿಯಾಚೆ, ಸೌತಾಂಪ್ಟನ್ ಬಂದರಿನ ಕಡೆ. ಮನೆಗಳ ಚಾವಣಿ ದಾಟಿ 'ಲೇಡಿ ಹ್ಯಾರಿಯೆಟ್' ಹಡಗಿನ ಹೊಗೆಕೊಳವೆಗಳು ಇನ್ನೂ ಕಾಣುತ್ತಿದ್ದವು.

"ಬೆಣ್ಣೆ ಕಮ್ಮಿ ಮಾಡೇ. ಸಾವಿಗೆ ಬಂದೋರು ತಿಂದೇ ಸಾಯ್ತಾರೆ," ಎಂದಳು ಪಕ್ಕದ ಮನೆಯ ರೂಬಿ, ಹಂದಿಮಾಂಸದ ಹೋಳು ಜೋಡಿಸುತ್ತ.

"ಹೊರಟುಬಿಡ್ತಾ ನೋಡು."

"ಗಂಡ ನಡುಮನೇಲಿ ಪೆಟ್ಟಿಗೆಯೊಳಗೆ ಮಲಗಿದಾನೆ, ನಿನಗೆ ಹಡಗಿನ ಚಿಂತೆಯೇನೇ!"

ಹಿತ್ತಲ ಬಾಗಿಲಿಂದ ಸಿಡ್ ಡೈಯಪರ್ ಬಂದ. ಐವಿಯ ಗಂಡ ವಾಲ್ಟರನ ಜೊತೆ ಹಡಗುಕಟ್ಟೆಯಲ್ಲಿ ಬಡಗಿಯಾಗಿದ್ದವನು. ಈಗ ಅದೇ ಹಡಗಿನ ಕಾವಲುಗಾರ.

"ಸಂಜೆ ಉಬ್ಬರಕ್ಕೇ ಎಳ್ಕೊಂಡು ಹೋಗ್ತಾರಂತೆ, ಐವಿ. ಗುಜರಿಗೆ."

"ಮಣ್ಣು ಮುಗಿದ ಕೂಡಲೇ ನನ್ನನ್ನ ಹತ್ತಿಸು."

"ಸಾವಿನ ಬಟ್ಟೇಲಾ?"

"ನೀನು ತಿಂಗಳಿಂದ ಅಲ್ಲೇ ಇದೀಯಲ್ಲ, ಆ ಪಟ್ಟಿ ಅಡಿ ನೋಡಿದ್ಯಾ?"

ಸಿಡ್ ಟೋಪಿ ತಿರುಗಿಸಿದ. "ನೋಡಬೇಡ ಅಂತ ವಾಲ್ಟರ್ ಆಣೆ ಹಾಕಿಸ್ಕೊಂಡಿದ್ದ."

"ನನ್ನ ಹತ್ರ ಹಾಕಿಸ್ಕೊಂಡಿರಲಿಲ್ಲ," ಎಂದು ಐವಿ ಚಾಕು ಕೆಳಗಿಟ್ಟಳು.

*

ಯುದ್ಧ ಬಂದಾಗ ಬಿಳಿಯ ಹ್ಯಾರಿಯೆಟ್‌ಗೆ ಬೂದು ಬಣ್ಣ ಬಳಿದರು. ಈಜುಕೊಳದೊಳಗೆ ಮಂಚದ ಮೇಲೆ ಮಂಚ ಹೊಡೆದರು. ಅಮೆರಿಕದ ಒಬ್ಬ ಸೈನಿಕ ಎದ್ದ ಬೆಚ್ಚನೆಯ ಜಾಗದಲ್ಲಿ ಇನ್ನೊಬ್ಬ ಮಲಗಬೇಕು. ನಿದ್ದೆಯ ಸರದಿ ಬಾರದ ಹುಡುಗರು ಮೇಲಿನ ಅಂತಸ್ತಿನ ಅಂಚಿನ ಕಟಾಂಜನಕ್ಕೆ ಒರಗಿ, ಅದರ ಮರದ ಪಟ್ಟಿಯ ಮೇಲೆ ಚಾಕುವಿನಿಂದ ಹೆಸರು ಕೆತ್ತಿದರು. ಯುದ್ಧ ಮುಗಿದ ಮೇಲೆ ಅದೇ ಹಡಗು ಅಮೆರಿಕದವರನ್ನು ಮದುವೆಯಾದ ಇಲ್ಲಿನ ಹುಡುಗಿಯರನ್ನು ಕೂಸುಗಳ ಸಮೇತ ಅತ್ತ ಒಯ್ದಿತು. ಫಿರಂಗಿ ಇದ್ದಲ್ಲಿ ಕೂಸಿನ ಬಟ್ಟೆಗಳು ಒಣಗಿದವು. ಆಮೇಲೆ ಸಿರಿವಂತರಿಗಾಗಿ ಮತ್ತೆ ಸಿಂಗರಿಸಲು ಕಟ್ಟೆಗೆ ತಂದರು.

"ಒಂದು ಹೆಸರೂ ಉಳೀಬಾರದು," ಎಂದ ಮೇಸ್ತ್ರಿ.

ವಾಲ್ಟರ್ ತೋಪಡ ಹಿಡಿದು ಕೀಸಿದ. ಸುರುಳಿ ಸುರುಳಿ ಮರದ ಸಿಪ್ಪೆಯಲ್ಲಿ ಅಕ್ಷರಗಳು ಕಾಲಡಿ ಬಿದ್ದವು. ಹಡಗಿನ ಹಿಂಬದಿಯ ತುದಿಗೆ, ಹಿಂಗೋಟಿನ ಕೊನೆಯ ಪಟ್ಟಿಗೆ ಬಂದಾಗ ಕೈ ಓಡಲಿಲ್ಲ. ಮೇಸ್ತ್ರಿ ಊಟಕ್ಕೆ ಹೋದಾಗ, ಸಿಡ್‌ನ ಜೊತೆ ಸೇರಿ ಆ ಪಟ್ಟಿಯನ್ನು ಬಿಚ್ಚಿ, ಹೆಸರಿದ್ದ ಮುಖವನ್ನು ಅಡಿ ಮಾಡಿ ಕೂರಿಸಿಬಿಟ್ಟ.

ಎರಡು ವರ್ಷದ ಮೇಲೆ ಕಟ್ಟೆಯ ಬಡಗಿಗಳಿಗೆಂದು ಮಿನೆಸೋಟಾದಿಂದ ಒಂದು ಕಾಗದ ಬಂತು. ಬರೆದವಳು ಹುಲ್ಡಾ ಎಂಗ್‌ಸ್ಟ್ರಾಂ ಎಂಬ ಒಕ್ಕಲಿನ ಹೆಂಗಸು. ಮಗ ಕಾರ್ಲ್ ಹಡಗಿನ ಹಿಂಗೋಟಿನಲ್ಲಿ ಹೆಸರು ಕೆತ್ತಿದೆನೆಂದು ಬರೆದಿದ್ದನಂತೆ. ಯುದ್ಧದಲ್ಲಿ ಸತ್ತ ಅವನ ದೇಹ ಸಿಗಲಿಲ್ಲ, ಗೋರಿಯೂ ಇಲ್ಲ. ಹೆಸರು ಇನ್ನೂ ಇದೆಯೇ?

"ಇದೆ ಅಂತ ಬರೀರಿ," ಎಂದಿದ್ದಳು ಐವಿ.

"ಮಗುಚುವಾಗ ಓದಲಿಲ್ಲ ಕಣೇ," ಎಂದಿದ್ದ ವಾಲ್ಟರ್. " ಅದರ ಮುಂಚಿನ ಪಟ್ಟಿ ಮೇಲಿದ್ದಿದ್ರೆ? ಈ ಕೈಲೇ ಕೀಸಿ ಹಾಕಿದೀನಿ."

ಪ್ರತಿ ಚಳಿಗಾಲ ಹ್ಯಾರಿಯೆಟ್ ದುರಸ್ತಿಗೆ ಬರುತ್ತಿದ್ದಳು. ಪ್ರತಿ ಚಳಿಗಾಲ ವಾಲ್ಟರ್ ಆ ಪಟ್ಟಿಯ ಕಡೆ ಹೋಗದೆ, ಕೆಳಗಿನ ಅಂತಸ್ತಿನ ಕೆಲಸ ಕೇಳಿ ಪಡೆಯುತ್ತಿದ್ದ. ಕ್ರಿಸ್‌ಮಸ್ ಬಂದಾಗೆಲ್ಲ 'ಪ್ರಿಯ ಶ್ರೀಮತಿ ಎಂಗ್‌ಸ್ಟ್ರಾಂ' ಎಂದು ಬರೆದು, ಎದ್ದು ಹೋಗಿ ಒಲೆ ಕೆದಕುತ್ತಿದ್ದ.

*

ಮಣ್ಣು ಮಾಡಿದ ಮೇಲೆ ಉಳಿದವರು ಊಟಕ್ಕೆ ನಡೆದರು. ಐವಿ ಹಡಗಿನ ಏಣಿ ಹತ್ತಿದಳು. ಜನರೆಲ್ಲ ವಿಮಾನ ಹಿಡಿದ ಮೇಲೆ ಹ್ಯಾರಿಯೆಟ್‌ಗೆ ದಿಕ್ಕಿರಲಿಲ್ಲ. ನೃತ್ಯದ ಹಜಾರದಲ್ಲಿ ಹರಾಜಾದ ಕುರ್ಚಿಗಳು ಕಾಲು ಮೇಲಾಗಿ ಬಿದ್ದಿದ್ದವು.

ಹಿಂಗೋಟಿನಲ್ಲಿ ಅವಳು ಟೋಪಿ ತೆಗೆದು, ಕೈಗವಸು ಬಿಚ್ಚಿ, ಪಟ್ಟಿಯ ಅಡಿಗೆ ಬೆರಳು ತೂರಿಸಿದಳು.

"ಸಿಡ್! ಕೆತ್ತನೆ ಇದೆ ಕಣೋ, ಸಿಗ್ತಾ ಇದೆ!"

ಸಿಡ್ ಮೊಣಕಾಲೂರಿ, ಆಮೇಲೆ ಅಂಗಾತ ಮಲಗಿ, ಟಾರ್ಚು ಬಿಟ್ಟ. "ಬಡ್, ಟಲ್ಸಾ... ಕೊವಾಲ್ಸ್ಕಿ... ಆರ್.ಜೆ.ಯೋ ಏನೋ, ಪಕ್ಕದಲ್ಲೊಂದು ಕುದುರೆ ಬಿಡಿಸಿದಾನೆ. ಮುಸುಡಿ ಮಾತ್ರ ಹಸೂದು."

"ಕಾರ್ಲ್?"

ಟಾರ್ಚಿನ ಬೆಳಕು ತುದಿ ಮುಟ್ಟಿ ಹಿಂದೆ ಬಂತು. ಮತ್ತೊಮ್ಮೆ ಹೋಯಿತು. ಐವಿ ಕಟಾಂಜನದ ಕಂಬ ಹಿಡಿದು ನಿಂತಿದ್ದಳು. ಟಾರ್ಚು ಆರಿತು.

"ಇಲ್ಲ, ಐವಿ."

ಹಡಗು ಎಳೆಯಲು ಬಂದ ದೋಣಿಯವರು ಕೆಳಗಿನಿಂದ ಕೂಗಿದರು: "ಯಾರ್ರೀ ಮೇಲೆ? ಹಗ್ಗ ಬಿಚ್ಚಬೇಕು, ಇಳೀರಿ!"

"ಪೆನ್ಸಿಲ್ ಕೊಡು," ಎಂದಳು ಐವಿ.

"ಅವನದು ಇಲ್ವಲ್ಲ!"

"ಜೊತೇಲಿ ನಿದ್ದೆಗೆಟ್ಟೋರದು ಇದೆಯಲ್ಲ. ಕೊಡೋ."

ಗಂಡನ ಅಂತ್ಯಪ್ರಾರ್ಥನೆಯ ಹಾಳೆ ಚೀಲದಲ್ಲಿತ್ತು. ಅದರ ಖಾಲಿ ಬೆನ್ನು ಹೊರಗಿರುವಂತೆ ಕೆತ್ತನೆಗೆ ಒತ್ತಿ ಸಿಡ್ ಹಿಡಿದುಕೊಂಡ. ಐವಿ ಕೆಳಗೆ ಕೂತು, ತೋಳು ಮೇಲೆತ್ತಿ ಪೆನ್ಸಿಲಿನಿಂದ ಉಜ್ಜುತ್ತ ಹೋದಳು. ಕಪ್ಪಿನ ನಡುವೆ ಬಿಳಿಯ ಹೆಸರುಗಳು ಒಂದೊಂದಾಗಿ ಎದ್ದವು. ಕೂಗು ಹೆಚ್ಚಿತು. ಸಿಡ್ ಕೈ ಹಿಡಿದು ಎಳೆಯುವವರೆಗೂ ಅವಳು ಬಿಡಲಿಲ್ಲ.

ಅಂಚೆಕಚೇರಿಯಲ್ಲಿ ಗುಮಾಸ್ತೆ ಬಾಗಿಲಿಗೆ ಬೀಗ ಹಾಕಲು ಎದ್ದಿದ್ದಳು. ಐವಿ ಕೌಂಟರಿಗೆ ಒರಗಿ ನಿಂತೇ ಬರೆದಳು.

'ಪ್ರಿಯ ಶ್ರೀಮತಿ ಎಂಗ್‌ಸ್ಟ್ರಾಂ, ಕಾರ್ಲ್‌ನ ಹೆಸರು ಈಗಿಲ್ಲ. ನನ್ನ ಗಂಡ ಕೀಸಿ ತೆಗೆದರು. ಅದನ್ನು ನಿಮಗೆ ಹೇಳಲಾರದೇ ಹೋದರು. ಅವನ ಜೊತೆ ನಿಂತಿದ್ದ ಹುಡುಗರ ಹೆಸರುಗಳು ಇಲ್ಲಿವೆ.'

ವಿಳಾಸ ಅವಳಿಗೆ ಬಾಯಿಪಾಠವಾಗಿತ್ತು.

"ಹಡಗಿನಂಚೆಯಾ ಅಮ್ಮ, ವಿಮಾನದ್ದಾ?"

"ಯಾವುದು ಬೇಗ?"

"ಇದೇನು ಕೇಳ್ತೀರಿ, ವಿಮಾನ."

"ಹಾಗಾದ್ರೆ ಅದೇ."

ಗುಮಾಸ್ತೆ ನೀಲಿ ಚೀಟಿ ಅಂಟಿಸಿದಳು. ಲಕೋಟೆಯ ಮೂಲೆಯಲ್ಲಿ ಐವಿಯ ಹೆಬ್ಬೆರಳಿನ ಪೆನ್ಸಿಲ್ ಕಪ್ಪಿನ ಗುರುತು ಮೂಡಿತ್ತು. ಒರೆಸಲೆಂದು ಅವಳು ರಬ್ಬರು ಹುಡುಕಿದಳು.

"ಇರಲಿ ಬಿಡಮ್ಮ," ಎಂದಳು ಐವಿ.

ಲಕೋಟೆ ಅಂಚೆಯ ಚೀಲಕ್ಕೆ ಬಿತ್ತು.