ಬಿಳಿ ಹೂ ಮುಡಿದು ದಾಟಿದ ಹೊಸಿಲು

ಗಂಡನನ್ನು ಮಣ್ಣು ಮಾಡಿದ ಮರುದಿನ ಯೂಕ್-ಲಿನ್ ಎಂದಿನಂತೆ ಗಂಜಿಗೆ ಇಟ್ಟಳು. ಬಾಗಿಲಲ್ಲಿ ಚಿಯು ನಿಂತಿದ್ದ. ಸೂತಕದ ಮನೆಯೆಂದು ಒಳಗೆ ಬರಲಿಲ್ಲ. ಅವಳ ಗಂಡ ಕಾ-ವಾಯ್‌ನಂತೆ ಅವನೂ ಹಾಂಗ್‌ಕಾಂಗಿನ ಸ್ಟುಡಿಯೋದಲ್ಲಿ ನಾಯಕನ ಬದಲು ಏಟು ತಿನ್ನುವವನು, ಎತ್ತರದಿಂದ ಜಿಗಿಯುವವನು.

"ಅತ್ತಿಗೆ, ಅವತ್ತು ಹಾರೋಕೆ ಅಣ್ಣ ನನ್ನ ಸೊಂಟದ ಪಟ್ಟಿ ಇಸ್ಕೊಂಡಿದ್ದ. ಚರ್ಮದ್ದು. ಇವತ್ತು ಬೇಕಿತ್ತು."

"ಯಾಕೆ?"

"ಗೋಪುರದಿಂದ ಹಾರೋದು ಬಾಕಿ ಇದೆಯಲ್ಲ. ಈಗ ನನ್ನ ಸರದಿ."

"ತಂತಿ ಬದಲಾಯ್ಸಿದ್ರಾ?"

ಚಿಯು ತನ್ನ ಚಪ್ಪಲಿ ನೋಡಿಕೊಂಡ. "ಎಣ್ಣೆ ಹಚ್ಚಿದಾರೆ."

ಹಾರುವವನ ಸೊಂಟದ ಪಟ್ಟಿಗೆ ಸಿಕ್ಕಿಸುವ ಆ ತಂತಿ ಕಿತ್ತುಹೋಗಿಯೇ ಕಾ-ವಾಯ್ ಬಿದ್ದು ಸತ್ತಿದ್ದು. ಅವಳು ಒಲೆ ಆರಿಸಿದಳು. "ನೀನು ನಡಿ. ನಾನೇ ತಂದುಕೊಡ್ತೀನಿ."

"ಅಯ್ಯೋ, ನೀವು ಬರಬಾರ್ದು ಅತ್ತಿಗೆ!"

ಅದು ಅವಳಿಗೂ ಗೊತ್ತಿತ್ತು. ಪ್ರತಿ ಚಿತ್ರಕ್ಕೂ ಮೊದಲು ಊದುಬತ್ತಿ ಹಚ್ಚಿ, ಹುರಿದ ಹಂದಿ ಇಟ್ಟು ಪೂಜೆ ಮಾಡುತ್ತಾರೆ. ಸೂತಕದವರು ಒಳಗೆ ಕಾಲಿಟ್ಟರೆ ಪೂಜೆ ಕೆಟ್ಟಂತೆ. ಮತ್ತೆ ಮುಹೂರ್ತ ನೋಡುವವರೆಗೆ ಹೊಡೆದಾಟದವರು ಯಾರೂ ಕೈಯೆತ್ತುವುದಿಲ್ಲ.

ಹಿಂದೆ ಚೀನಾ ಆಳುತ್ತಿದ್ದ ಮಂಚು ದೊರೆಗಳ ಸೈನ್ಯವನ್ನು ಒಬ್ಬನೇ ಎದುರಿಸಿದ ವೀರನ ಚಿತ್ರ ಅದು. ಯೂಕ್-ಲಿನ್ ಸ್ಟುಡಿಯೋ ತಲುಪಿದಾಗ ನಾಯಕ ಕೊಡೆಯಡಿ ಚಹಾ ಕುಡಿಯುತ್ತಿದ್ದ. ಅವನಂಥದೇ ರೇಷ್ಮೆ ನಿಲುವಂಗಿ ತೊಟ್ಟ ಚಿಯು, ಹಲಗೆಯ ಗೋಪುರದ ತುದಿಯಲ್ಲಿ ಸೊಂಟಕ್ಕೆ ಪಟ್ಟಿಯ ಬದಲು ಬಟ್ಟೆ ಬಿಗಿದು, ತಂತಿ ಸಿಕ್ಕಿಸಿಕೊಂಡು ನಿಂತಿದ್ದ.

ಹೆಬ್ಬಾಗಿಲಲ್ಲಿ ನಿರ್ದೇಶಕ ಪೂನ್ ಕೈ ಅಡ್ಡ ಹಿಡಿದ. "ಅಲ್ಲೇ ನಿಲ್ಲಮ್ಮ! ತಲೇಲಿ ಸೂತಕದ ಬಿಳಿ ಹೂ ಇದೆ. ಪೂಜೆ ಕೆಡುತ್ತೆ."

"ಗೊತ್ತು. ಅದಕ್ಕೇ ಮುಡ್ಕೊಂಡು ಬಂದೆ."

"ತೆಗೆದಾದ್ರೂ ಬಾ!"

"ನನ್ನ ಗಂಡ ಬಿದ್ದ ದಿನ ಪೂಜೆ ಕೆಟ್ಟಿರಲಿಲ್ವಲ್ಲ ಸಾರ್. ಹಂದಿ ನೀವೂ ತಿಂದಿದ್ರಿ. ತಂತಿ ಯಾಕೆ ಕಿತ್ತೋಯ್ತು?"

ಯಾರೋ ಕಿಸಕ್ಕನೆ ನಕ್ಕು, ಕೆಮ್ಮಿದಂತೆ ಮಾಡಿದರು.

ಪೂನ್ ಹೇಳಿದ, "ಹೊಸ ತಂತಿ ನಾಳೆ ತರಿಸ್ತೀನಿ. ಇವತ್ತಿನದೊಂದು ಆಗಿಬಿಡ್ಲಿ. ಬೆಳಕು ಹೋಗುತ್ತೆ."

ಯೂಕ್-ಲಿನ್ ಅವನ ಕೈಯಡಿ ಬಗ್ಗಿ ಹೊಸಿಲು ದಾಟಿದಳು.

ಅಂಗಳದಲ್ಲಿದ್ದ ಹೊಡೆದಾಟದವರ ಗುರು ಮುದುಕ ಕ್ವೈ ತನ್ನ ಕೋಲನ್ನು ನೆಲಕ್ಕೆ ಹಾಕಿದ. "ಆಯ್ತಲ್ಲ ಸಾರ್. ಇನ್ನು ನನ್ನ ಹುಡುಗ್ರು ಹಾರಲ್ಲ. ಹೊಸ ಮುಹೂರ್ತ ನೋಡಿ, ಹೊಸ ಹಂದಿ ತರಿಸಿ. ಹಾಗೇ ತಂತೀನೂ." ತಲೆಯೆತ್ತಿ ಕೂಗಿದ, "ಇಳಿಯೋ ಚಿಯು!"

ಪೂನ್ ಹಲ್ಲು ಕಡಿದ. "ಇನ್ನೊಂದ್ಸಲ ಇಲ್ಲಿ ಕಾಲಿಟ್ರೆ ನೋಡು."

"ಹಳೇ ತಂತಿ ಕಟ್ಟಿದ ದಿನ ಬರ್ತೀನಿ. ನನ್ನ ಸೂತಕ ಇನ್ನೂ ಬಹಳ ದಿನ ಇದೆ."

ಚಿಯು ಏಣಿಯಿಳಿದು ಅವಳ ಬಳಿ ಬಂದ. ಅವಳು ಚೀಲದಿಂದ ಪಟ್ಟಿ ತೆಗೆದಳು.

"ಒರೆಸಿದೆ. ಕಲೆ ಪೂರ್ತಿ ಹೋಗಲಿಲ್ಲ."

ಅವನು ಎರಡೂ ಕೈ ಚಾಚಿ ಇಸಿದುಕೊಂಡ.